ಹತ್ತು ಹುಣಸೆಬೀಜ

ನಮ್ಮ ಅತ್ತೆ ವಾಕಿಂಗಿಗೆ ಹೊರಡುವಾಗ ಎಡಗೈ ಮುಷ್ಟಿಯಲ್ಲಿ ಹತ್ತು ಹುಣಸೆಬೀಜ ಹಿಡಿದಿರುತ್ತಾರೆ. ಒಂದು ಸುತ್ತು ಮುಗಿದರೆ ಒಂದು ಬೀಜ ಸಣ್ಣ ಪರ್ಸಿಗೆ ಬೀಳುತ್ತದೆ. ಮುಷ್ಟಿ ಖಾಲಿಯಾದರೆ ಆವತ್ತಿನ ವಾಕಿಂಗ್ ಮುಗಿಯಿತು. ಅಶ್ವತ್ಥಕಟ್ಟೆಗೆ ನೂರೆಂಟು ಸುತ್ತು ಹಾಕಿ ಪಳಗಿದ ಕೈ ಅದು. ನನ್ನ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ, ವಾರಕ್ಕೆರಡು ಸಲ ಚಾರ್ಜಿಲ್ಲದೆ ಸತ್ತು ಮಲಗುತ್ತದೆ. ಹುಣಸೆಬೀಜಕ್ಕೆ ಆ ರೋಗ ಇಲ್ಲ.

ನಾವು ಸುತ್ತುವುದು ಮನೆಗೆ ಹತ್ತಿರದ ಯೂನಿವರ್ಸಿಟಿ ಮೈದಾನವನ್ನು. ನಾವಿರುವುದು ಸರಸ್ವತಿಪುರಂ. ಮೈಸೂರಿನ ಈ ಭಾಗದಲ್ಲಿ ಯೂನಿವರ್ಸಿಟಿ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಅದನ್ನು ಶುರು ಮಾಡಿದ ಮೇಲೆ ಎರಡೂ ಒಂದರ ತೊಡೆ ಮೇಲೆ ಇನ್ನೊಂದು ಕಾಲು ಹಾಕಿಕೊಂಡೇ ಬೆಳೆದಿವೆ. ಕ್ರಾಫರ್ಡ್ ಹಾಲ್ ಮುಂದೆ ತರಕಾರಿ ಚೀಲ ಹಿಡಿದು ಹೋಗುವ ನಮಗೆ ಅದು ವಿಶ್ವವಿದ್ಯಾನಿಲಯದ ಕಚೇರಿ ಅನ್ನುವುದು ನೆನಪಾಗುವುದೇ ಮಕ್ಕಳ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರು ತಪ್ಪಾದಾಗ. ಕುಕ್ಕರಹಳ್ಳಿ ಕೆರೆಯೂ ಯೂನಿವರ್ಸಿಟಿಯದ್ದೇ. ಆದರೆ ಬೆಳಿಗ್ಗೆ ಅದರ ಏರಿ ಮೇಲೆ ನಡೆಯುವವರಲ್ಲಿ ಪಾಠ ಹೇಳುವವರೂ ಕೇಳುವವರೂ ಎಷ್ಟು ಮಂದಿ ಇದ್ದಾರು?

2010ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್ ನಡೆಯಿತಲ್ಲ, ಆಗಂತೂ ಇಡೀ ಊರೇ ಅಲ್ಲಿ ಇತ್ತು. ನಮ್ಮ ಯಜಮಾನರು ಎಳ್ಳುಬೆಲ್ಲದ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೋಗಿದ್ದರು. ಮುಂಬೈ ಎದುರು ಗೆಲ್ಲಲು 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದರು, ಆದರೂ 6 ರನ್ನಿಂದ ಸೋತೆವು. ಇವತ್ತಿಗೂ ಪೆವಿಲಿಯನ್ ಮೆಟ್ಟಿಲ ಮೇಲೆ ಶೂ ಲೇಸು ಕಟ್ಟುತ್ತಾ ಆ ಆರು ರನ್ನಿನ ಬಗ್ಗೆ ಜಗಳ ಆಡುವವರಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ, ಇರಲಿ.

ನಮ್ಮ ಮೈದಾನದ ಹಂಚಿಕೆಯನ್ನು ಯಾರೂ ಬರೆದಿಟ್ಟಿಲ್ಲ. ಕತ್ತಲು ಹರಿಯುವ ಮೊದಲು ಅದು ಮಂಕಿಕ್ಯಾಪಿನವರದ್ದು. ಆರು ಗಂಟೆಗೆ ಕೋಚ್ ಸೀಟಿ ಊದಿದರೆ ಹುಡುಗ ಹುಡುಗಿಯರದ್ದು. ಬಿಸಿಲೇರಿದ ಮೇಲೆ ನಾಯಿಗಳದ್ದು. ಸಂಜೆ ಟೆನಿಸ್ ಬಾಲ್ ಕ್ರಿಕೆಟ್ಟಿನವರದ್ದು. ಗೇಟಿನ ಹೊರಗೆ ಬೂದುಗುಂಬಳದ ರಸ, ಗರಿಕೆ ರಸ ಮಾರುವವರದ್ದು ಬೇರೆ ಸಂಸ್ಥಾನ. ತಕರಾರು ಬರುವುದು ಆರರಿಂದ ಏಳರವರೆಗೆ. ಆಗ ನಾವೂ ಇರುತ್ತೇವೆ, ಅವರೂ ಇರುತ್ತಾರೆ.

ತಕರಾರು ದಿಕ್ಕಿನದು. ಟ್ರ್ಯಾಕಿನಲ್ಲಿ ಓಡುವವರು ಎಡಗೈ ಒಳಗೆ ಬರುವ ಹಾಗೆ ಓಡುತ್ತಾರೆ. ಅಂದರೆ ಅಪ್ರದಕ್ಷಿಣೆ. ನಮ್ಮ ಅತ್ತೆ, ಅವರ ಹಿಂದೆ ಸೀರೆಗೆ ಶೂ ಹಾಕಿಕೊಂಡು ಬರುವ ಐದಾರು ಮಂದಿ, ಅವರ ಹಿಂದೆ ನಾನು, ಎಲ್ಲರೂ ಪ್ರದಕ್ಷಿಣೆ. ಒಂದು ದಿನ ಕೋಚ್ ಬಂದು ಕೈಮುಗಿದು, "ಅಮ್ಮಾ, ದಯವಿಟ್ಟು ಈ ಕಡೆಯಿಂದ ಸುತ್ತಿ, ಮಕ್ಕಳಿಗೆ ಎದುರು ಬರ್ತೀರಿ" ಅಂದರು. ಅತ್ತೆ ನಿಂತರು. "ಎಡಕ್ಕೆ ಸುತ್ತೋದು ತಿಥಿ ಮನೇಲಪ್ಪ. ಬೆಳಿಗ್ಗೆ ಎದ್ದು ಅದು ಬೇಡ" ಅಂದು ಮುಂದೆ ನಡೆದರು. ಪಾಪ, ಆತನ ಕೈ ಮುಗಿದಂತೆಯೇ ಉಳಿಯಿತು.

ನಾನು ಮನೆಗೆ ಬಂದು ಅತ್ತೆಯನ್ನು ಒಪ್ಪಿಸೋಣ ಅಂತ ಒಂದಿಷ್ಟು ಓದಿದೆ. ಓದಬಾರದಿತ್ತು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಟ್ರ್ಯಾಕಿನ ಓಟಗಳೆಲ್ಲ ಪ್ರದಕ್ಷಿಣೆಯೇ. ಎಡಕ್ಕೆ ತಿರುಗಿದ್ದು ಆಮೇಲೆ. ಇದನ್ನು ಹೇಳಿದರೆ ಅತ್ತೆ ಹಪ್ಪಳದ ಹಿಟ್ಟು ನಾದುತ್ತಾ, "ನೋಡಿದ್ಯಾ, ಅವರಿಗೂ ಮೊದಲು ಗೊತ್ತಿತ್ತು" ಅಂದರು.

ಎದುರುಬದುರಾಗಿ ಸುತ್ತುವುದರಲ್ಲಿ ಒಂದು ಮಜಾ ಇದೆ. ನಿಧಾನಕ್ಕೆ ಹೋಗುವ ನನಗೆ, ಜೋರಾಗಿ ಓಡುವ ಹುಡುಗಿ ಒಂದೇ ಸುತ್ತಿನಲ್ಲಿ ನಾಲ್ಕು ಸಲ ಸಿಗುತ್ತಾಳೆ. ಮೊದಲ ಸಲ ನಗುತ್ತಾಳೆ, ಎರಡನೇ ಸಲ ತಲೆ ಆಡಿಸುತ್ತಾಳೆ. ಮೂರನೇ ಸಲ ಇಬ್ಬರೂ ಚಾಮುಂಡಿಬೆಟ್ಟ ನೋಡುತ್ತೇವೆ. ನಾಲ್ಕನೇ ಸಲಕ್ಕೆ ಅವಳ ಮುಖ ಕೆಂಪಗಾಗಿ ಯಾರನ್ನೂ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಸಲ ಅತ್ತೆ ಮದುವೆಗೆ ಹೋಗಿದ್ದಾಗ ನಾನು ಸುಮ್ನೆ ಕದ್ದು ಅಪ್ರದಕ್ಷಿಣೆ ಸುತ್ತಿ ನೋಡಿದೆ. ಬರೀ ಬೆನ್ನುಗಳು. ಐದು ವರ್ಷದಿಂದ ನಮಸ್ಕಾರ ಮಾಡುತ್ತಿದ್ದ ಒಬ್ಬರ ತಲೆ ಹಿಂದೆ ಪೂರ್ತಿ ಬೋಳು ಅಂತ ಆವತ್ತೇ ಗೊತ್ತಾಗಿದ್ದು.

ಈ ಮೈದಾನಕ್ಕೆ ಯೂನಿವರ್ಸಿಟಿಯವರೂ ಅಲ್ಲದ, ಬೀದಿಯವರೂ ಅಲ್ಲದ ಇನ್ನೊಂದು ಗುಂಪು ಬರುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಸೆಲೆಕ್ಷನ್ನಿಗೆ ತಯಾರಿ ಮಾಡುವ ಹುಡುಗರು. ಹುಣಸೂರು, ಎಚ್.ಡಿ. ಕೋಟೆ, ನಂಜನಗೂಡು ಕಡೆಯವರು, ಇಲ್ಲಿ ರೂಮು ಮಾಡಿಕೊಂಡಿರುತ್ತಾರೆ. ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ನಮ್ಮ ಟ್ರ್ಯಾಕಿಗೆ ಸರಿಯಾಗಿ ನಾಲ್ಕು ಸುತ್ತು. ಹೋದ ವರ್ಷ ಅವರಲ್ಲೊಬ್ಬ, ಮೀಸೆ ಇನ್ನೂ ಪೂರ್ತಿ ಬಂದಿರದ ಹುಡುಗ, ಜೊತೆಗಾರ ಊರಿಗೆ ಹೋಗಿದ್ದಾನೆ ಅಂತ ನನ್ನ ಹತ್ತಿರ ಬಂದು, "ಅಕ್ಕಾ, ಒಸಿ ಟೈಮ್ ನೋಡ್ಕೊತೀರಾ?" ಅಂತ ಮೊಬೈಲ್ ಕೊಟ್ಟ. ಸುತ್ತು ಎಣಿಸುವ ಕೆಲಸ ಅತ್ತೆ ತಾವೇ ತೆಗೆದುಕೊಂಡರು. ನಾಲ್ಕು ಬೀಜ ಬೇರೆ ಮಾಡಿ ಬಲಗೈಗೆ ಹಾಕಿಕೊಂಡರು.

ಅವನ ಕಾಲಿನ ಶೂ ಒಂದರ ಅಡಿ ಬಾಯಿ ಬಿಟ್ಟಿತ್ತು. ಪ್ರತಿ ಹೆಜ್ಜೆಗೂ ಪಟ್ ಅಂತ ಸದ್ದು. ಆ ಸದ್ದು ದೂರ ಹೋಗುವುದು, ಆ ತುದಿಯಲ್ಲಿ ನಿಂತೇ ಹೋದ ಹಾಗಾಗುವುದು, ಮತ್ತೆ ಹತ್ತಿರ ಬರುವುದು. ನಮ್ಮ ಗುಂಪಿನವರು ಯಾರದೋ ಮನೆಯ ಗೃಹಪ್ರವೇಶದ ಊಟದ ವಿಚಾರ ಮಾತಾಡುತ್ತಾ ಎಂದಿನ ಹಾಗೆ ಒಳಗಿನ ಎರಡು ಲೇನು ತುಂಬಿ ಬರುತ್ತಿದ್ದರು. ಹುಡುಗ ಏನೂ ಹೇಳದೆ ಪಕ್ಕಕ್ಕೆ ಸರಿದು ಓಡಿದ. ಮೂರನೇ ಬೀಜ ಬಿದ್ದಾಗ ಅವನ ಬಾಯಿ ತೆರೆದಿತ್ತು. ನಾಲ್ಕನೆಯದು ಬಿದ್ದಾಗ ನಾನು ಗುಂಡಿ ಒತ್ತಿದೆ. ಆರು ನಿಮಿಷ ಮೂವತ್ತೆಂಟು ಸೆಕೆಂಡು.

ಅವನು ಮೊಣಕಾಲು ಹಿಡಿದು ಬಗ್ಗಿಕೊಂಡೇ ಎಷ್ಟು ಅಂತ ಕೇಳಿದ. ಹೇಳಿದೆ. "ಹೋಯ್ತು ಬಿಡಿ" ಅಂದ. ಎಂಟು ಸೆಕೆಂಡು ಅಂದರೆ ಎಷ್ಟು ಅಂತ ಅತ್ತೆ ಕೇಳಿದರು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವಷ್ಟು ಅಂದೆ. "ಅಷ್ಟಕ್ಕೆಲ್ಲ ಕೆಲಸ ಕೊಡಲ್ವಾ?" ಅಂದರು.

ಮನೆಗೆ ಬಂದು ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಿಂತಾಗ ತಲೆಗೆ ಹೊಳೆಯಿತು. 400 ಮೀಟರ್ ಇರುವುದು ಒಳಗಿನ ಒಂದನೇ ಲೇನು ಮಾತ್ರ. ಒಂದೊಂದು ಲೇನು 1.22 ಮೀಟರ್ ಅಗಲ. ಹೊರಗೆ ಸರಿದ ಹಾಗೆ ಒಂದು ಸುತ್ತಿಗೆ ಸುಮಾರು ಏಳೂವರೆ ಮೀಟರ್ ಜಾಸ್ತಿಯಾಗುತ್ತಾ ಹೋಗುತ್ತದೆ. ಅದಕ್ಕೇ ಅಲ್ವಾ 400 ಮೀಟರ್ ಓಟದಲ್ಲಿ ಹೊರಗಿನ ಲೇನಿನವರನ್ನು ಮುಂದೆ ಮುಂದೆ ನಿಲ್ಲಿಸುವುದು? ನಮ್ಮ ಹುಡುಗ ಸುಮಾರಾಗಿ ಪೂರ್ತಿ ಓಡಿದ್ದು ಮೂರನೇ ಲೇನಿನಲ್ಲಿ. ಸುತ್ತಿಗೆ ಹದಿನೈದು ಮೀಟರ್, ನಾಲ್ಕು ಸುತ್ತಿಗೆ ಅರವತ್ತು. ಅವನ ವೇಗಕ್ಕೆ ಅದು ಹದಿನಾಲ್ಕು ಹದಿನೈದು ಸೆಕೆಂಡಿನ ದಾರಿ. ಸರಿಯಾಗಿ ಒಂದನೇ ಲೇನಿನಲ್ಲೇ ಬಿಟ್ಟಿದ್ದರೆ ಆರು ಇಪ್ಪತ್ತೈದರೊಳಗೆ ಬರುತ್ತಿದ್ದ. ಆ ಎಂಟು ಸೆಕೆಂಡನ್ನು ಗೃಹಪ್ರವೇಶದ ಹೋಳಿಗೆ ತಿಂದಿತ್ತು.

ಅತ್ತೆಗೆ ಹಾಲಿನ ಲೋಟ ಇಟ್ಟು, ಬಟ್ಟಲು ಇಟ್ಟು, ಸುತ್ತ ಬೆರಳಾಡಿಸಿ ತೋರಿಸಿದೆ. ಲೋಟದ ಬಾಯಿ ಸುತ್ತೋದಕ್ಕೂ ಬಟ್ಟಲಿನ ಬಾಯಿ ಸುತ್ತೋದಕ್ಕೂ ವ್ಯತ್ಯಾಸ ಇಲ್ವಾ ಅತ್ತೆ? ಅವರು ಕಾಫಿ ಆರುವವರೆಗೂ ಬಟ್ಟಲನ್ನೇ ನೋಡಿದರು, ಏನೂ ಅನ್ನಲಿಲ್ಲ.

ಮಾರನೇ ದಿನ ಹುಡುಗನಿಗೆ ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಹಿಂದೆ ಅತ್ತೆಯ ಗಂಟಲು ಕೇಳಿಸಿತು. "ಎಲ್ಲಾ ಆಚೆ ಬನ್ರೇ, ಹುಡುಗ ಓಡ್ತಾನೆ." ಇಡೀ ಗುಂಪು ತೀರಾ ಹೊರಗಿನ ಎಂಟನೇ ಲೇನಿಗೆ ಸರಿದು ನಿಂತಿತ್ತು. ದಿಕ್ಕು ಮಾತ್ರ ಅದೇ, ಪ್ರದಕ್ಷಿಣೆ. ಕೋಚ್ ದೂರದಿಂದ ನೋಡಿ ಸೀಟಿಯನ್ನು ಬಾಯಿಂದ ತೆಗೆದರು.

ಅತ್ತೆ ನನ್ನ ಹತ್ತಿರ ಬಂದು ಮುಷ್ಟಿ ಬಿಚ್ಚಿ ತೋರಿಸಿದರು.

"ಎಂಟನೇದರಲ್ಲಿ ಸುತ್ತಿದರೆ ಒಂಬತ್ತು ಬೀಜ ಸಾಕಲ್ವೇನೇ?"

ಸುತ್ತಿಗೆ 453 ಮೀಟರ್. ಒಂಬತ್ತರಿಂದ ಗುಣಿಸಿದೆ. ಸಾಕಾಗಿತ್ತು, ಎಪ್ಪತ್ತು ಮೀಟರಿಗಿಂತ ಜಾಸ್ತಿಯೇ ಉಳಿಯುತ್ತಿತ್ತು. ಅತ್ತೆ ಹತ್ತನೇ ಬೀಜವನ್ನು ನನ್ನ ಕೈಗೆ ಹಾಕಿ ಹೊರಟರು.