ವಿಮೆ ಒಪ್ಪುವ ಸ್ಕಿನ್ ಸರ್ಜನ್ ಸಿಗುವ ತನಕ ಹುಡುಕಬೇಕೇ? ಪರ ಮತ್ತು ವಿರೋಧ

ಕೈಯಲ್ಲಿ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಇದೆ. ಚರ್ಮದ ಮೇಲೆ ಕತ್ತರಿಸಿ ತೆಗೆಯಬೇಕಾದ ಏನೋ ಒಂದಿದೆ. ಫೋನ್ ಮಾಡಿದ ಕ್ಲಿನಿಕ್‌ಗಳೆಲ್ಲ "ಆ ವಿಮೆ ನಾವು ತಗೊಳ್ಳಲ್ಲ" ಅನ್ನುತ್ತವೆ. ಆಗ ಒಪ್ಪುವ ಸರ್ಜನ್ ಸಿಗುವ ತನಕ ಹುಡುಕುತ್ತಲೇ ಇರಬೇಕಾ, ಇಲ್ಲ ಬೇರೆ ದಾರಿ ಹಿಡಿಯಬೇಕಾ? ಎರಡೂ ಕಡೆಗೆ ಗಟ್ಟಿ ಕಾರಣಗಳಿವೆ.

ಪರ: ಹುಡುಕಲೇಬೇಕು

ಮೊದಲು ದುಡ್ಡಿನ ಮಾತು. ಚರ್ಮದ ಆಪರೇಷನ್ ಅಂದರೆ ಒಂದು ಸಲ ಕೊಟ್ಟು ಮುಗಿಸುವ ಫೀಸು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಮೊದಲ ಭೇಟಿ, ಪರೀಕ್ಷೆಗೆಂದು ಸಣ್ಣ ಚೂರು ತೆಗೆಯುವ ಬಯಾಪ್ಸಿ, ಆ ಚೂರನ್ನು ಪರೀಕ್ಷೆ ಮಾಡುವ ಲ್ಯಾಬ್, ಆಪರೇಷನ್, ತೆಗೆದ ಭಾಗ ಮತ್ತೆ ಲ್ಯಾಬಿಗೆ, ಹೊಲಿಗೆ ಬಿಚ್ಚಲು ಇನ್ನೊಂದು ಭೇಟಿ, ಅಂಚಿನಲ್ಲಿ ರೋಗ ಉಳಿದಿದೆ ಅಂತ ರಿಪೋರ್ಟ್ ಬಂದರೆ ಮತ್ತೆ ಕತ್ತರಿಸುವುದು, ಹೀಗೆ ಒಂದರ ಹಿಂದೆ ಒಂದು ಬಿಲ್ ಬರುತ್ತಲೇ ಇರುತ್ತದೆ. ಈಗ ಕೈಯಿಂದ ಕೊಟ್ಟು ಆಮೇಲೆ ವಿಮೆಯವರನ್ನು ಕೇಳೋಣ ಅನ್ನುವ ಯೋಚನೆ ಇನ್ನೂ ಅಪಾಯ. ವಿಮಾ ಯೋಜನೆಯಲ್ಲಿಲ್ಲದ ಡಾಕ್ಟರ್‌ಗೆ ಮೊದಲೇ ಒಪ್ಪಿಗೆ ಪಡೆಯದೆ ಕೊಟ್ಟ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಎರಡನೆಯದು, ಸರಿಯಾದ ಕೈಗೆ ಹೋಗುವುದು ನಿಜಕ್ಕೂ ಮುಖ್ಯ. ಮೂಗು, ಕಣ್ಣಿನ ರೆಪ್ಪೆ, ತುಟಿ, ಕಿವಿ ಇಂಥ ಕಡೆ ಚರ್ಮದ ಕ್ಯಾನ್ಸರ್ ಆದರೆ ಒಂದೊಂದು ಮಿಲಿಮೀಟರ್ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೊಹ್ಸ್ ಅನ್ನುವ ಸರ್ಜನ್ 1930ರ ದಶಕದಲ್ಲಿ ಶುರು ಮಾಡಿದ ವಿಧಾನ ಇಲ್ಲೇ ಕೆಲಸಕ್ಕೆ ಬರುವುದು. ಒಂದು ತೆಳು ಪದರ ತೆಗೆಯುತ್ತಾರೆ. ನೀವು ಅಲ್ಲೇ ಕಾಯುತ್ತಿರುವಾಗ ಅದರ ಅಂಚು ಮತ್ತು ತಳವನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ರೋಗ ಉಳಿದ ಜಾಗದಲ್ಲಿ ಮಾತ್ರ ಮತ್ತೆ ತೆಗೆಯುತ್ತಾರೆ. ಮಾಮೂಲಿ ವಿಧಾನದಲ್ಲಿ, ತೆಗೆದ ಭಾಗವನ್ನು ಬ್ರೆಡ್ ಕೊಯ್ದ ಹಾಗೆ ಹೋಳು ಮಾಡಿ ಕೆಲವು ಹೋಳುಗಳನ್ನಷ್ಟೇ ನೋಡುವುದರಿಂದ ಅಂಚಿನ ಹೆಚ್ಚಿನ ಭಾಗ ಕಣ್ಣಿಗೇ ಬೀಳುವುದಿಲ್ಲ. ಮೊದಲ ಸಲ ಬಂದ ಬೇಸಲ್ ಸೆಲ್ ಅನ್ನುವ ಬಗೆಯ ಚರ್ಮದ ಕ್ಯಾನ್ಸರ್‌ಗೆ ಮೊಹ್ಸ್ ಸರ್ಜರಿಯಲ್ಲಿ ಗುಣವಾಗುವ ಪ್ರಮಾಣ ಸುಮಾರು ಶೇ 99ರವರೆಗೆ ಇದೆ. ಒಮ್ಮೆ ತೆಗೆಸಿ ಮತ್ತೆ ಬಂದದ್ದಕ್ಕೆ ಅದು ಕಡಿಮೆ. ಅಂದರೆ ಮೊದಲ ಆಪರೇಷನ್ ಚೆನ್ನಾಗಿ ಆಗುವುದೇ ದೊಡ್ಡ ಲಾಭ, ಅಲ್ವಾ?

ಕ್ಯಾನ್ಸರ್ ಅಲ್ಲದ ಕಾಯಿಲೆಗೂ ಇದು ಸತ್ಯ. ಕಂಕುಳು, ತೊಡೆಸಂದಿಯಲ್ಲಿ ಪದೇ ಪದೇ ಕೀವುಗಂಟು ಏಳುವ ಹೈಡ್ರಾಡಿನೈಟಿಸ್ ಅನ್ನುವ ಕಾಯಿಲೆ ಇದೆ. ಅದಿರುವವರು ಎಮರ್ಜೆನ್ಸಿಗೆ ಹೋಗುತ್ತಾರೆ, ಅಲ್ಲಿ ಸೀಳಿ ಕೀವು ತೆಗೆದು ಕಳಿಸುತ್ತಾರೆ. ನೋವು ಇಳಿಯುತ್ತದೆ. ಆದರೆ ಚರ್ಮದಡಿ ಸುರಂಗದ ಹಾಗೆ ಹರಡಿದ ದಾರಿ ಹಾಗೇ ಉಳಿಯುವುದರಿಂದ ಗಂಟು ಹೆಚ್ಚುಕಮ್ಮಿ ಖಂಡಿತ ವಾಪಸ್ ಬರುತ್ತದೆ. ಆ ಸುರಂಗದ ಮೇಲ್ಭಾಗವನ್ನು ಪೂರ್ತಿ ತೆರೆದು ಶುಚಿ ಮಾಡಲು ಈ ಕಾಯಿಲೆ ಬಲ್ಲ ಸರ್ಜನ್ನೇ ಬೇಕು. ಈ ಕಾಯಿಲೆ ಇರುವವರು ವರ್ಷಗಟ್ಟಲೆ ಸುಮ್ನೆ ಸಹಿಸಿಕೊಂಡಿರುತ್ತಾರೆ. ಅವರಿಗೆ "ಯಾರಾದರೂ ಆಗುತ್ತೆ ಬಿಡಿ" ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಯೋಜನೆಯವರು ಕೊಡುವ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಕ್ಲಿನಿಕ್ ಬಿಟ್ಟು ಹೋದವರ ಹೆಸರು, ಹೊಸ ರೋಗಿಗಳನ್ನು ನಿಲ್ಲಿಸಿದವರ ಹೆಸರು ಎಲ್ಲ ಇರಬಹುದು. ಫೋನಿನಲ್ಲಿ "ಈ ವಿಮೆ ತಗೊಳ್ತೀರಾ" ಅಂತಷ್ಟೇ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಈ ಯೋಜನೆಯ ಹೊಸ ರೋಗಿಗಳನ್ನು ಈಗ ನೋಡುತ್ತೀರಾ, ಬರೀ ತೋರಿಸಲಿಕ್ಕಾ ಅಥವಾ ಆಪರೇಷನ್‌ಗೂ ನಡೆಯುತ್ತಾ, ಲ್ಯಾಬಿನವರೂ ಇದೇ ವಿಮೆ ಒಪ್ಪುತ್ತಾರಾ ಅಂತ ಬಿಡಿಸಿ ಕೇಳಿ. ಲ್ಯಾಬಿನ ಪ್ರಶ್ನೆ ಮರೆಯುವವರೇ ಜಾಸ್ತಿ, ಆಮೇಲೆ ಬೇರೆ ಬಿಲ್ ಬಂದಾಗ ಗಾಬರಿಯಾಗುತ್ತಾರೆ. ಉತ್ತರ ಕೊಟ್ಟವರ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳನ್ನು ಮೊದಲು ನೋಡಿ. ಖಾಸಗಿ ಕ್ಲಿನಿಕ್‌ಗೆ ಬೊಟಾಕ್ಸ್, ಲೇಸರ್ ಥರದ ಅಂದದ ಕೆಲಸದಲ್ಲಿ ದುಡ್ಡು ಕೈಗೆ ತಕ್ಷಣ ಬರುತ್ತದೆ. ಸರ್ಕಾರಿ ವಿಮೆಯ ದರ ಕಡಿಮೆ, ಕಾಗದಪತ್ರ ಜಾಸ್ತಿ, ಹಣ ತಡ. ಅದಕ್ಕೇ ಒಲ್ಲೆ ಅನ್ನುತ್ತಾರೆ. ಕಲಿಸುವ ಆಸ್ಪತ್ರೆಯಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಕಲಿಯುವ ಡಾಕ್ಟರ್‌ಗಳ ಕೈಗೆ ಕೆಲಸ ಬೇಕು, ಮೇಲೆ ನಿಂತು ನೋಡುವ ಹಿರಿಯರೂ ಇರುತ್ತಾರೆ. ಹೌದು, ಸರದಿ ಉದ್ದ ಇರುತ್ತದೆ. ಯಾರಾದರೂ ಅಪಾಯಿಂಟ್‌ಮೆಂಟ್ ಬಿಟ್ಟರೆ ಕರೆಯಿರಿ ಅಂತ ಹೆಸರು ಬರೆಸಿಡಿ.

ಇನ್ನು ರೆಫರಲ್ ಚೀಟಿ, ಅಂದರೆ ನಿಮ್ಮ ಡಾಕ್ಟರ್ ಸರ್ಜನ್‌ಗೆ ಬರೆದುಕೊಡುವ ಚೀಟಿ. ವಿಮೆಯವರು ನೋಡುವುದು ಇದು ಕಾಯಿಲೆಯೋ ಬರೀ ಅಂದದ ವಿಷಯವೋ ಅನ್ನುವುದನ್ನೇ. "ಗಂಟು ಇದೆ" ಅಂತಷ್ಟೇ ಬರೆದ ಚೀಟಿ ಬಿದ್ದುಹೋಗುತ್ತದೆ. ರಕ್ತ ಬರುತ್ತಿದ್ದರೆ, ದೊಡ್ಡದಾಗುತ್ತಿದ್ದರೆ, ಮತ್ತೆ ಮತ್ತೆ ಕೀವಾಗುತ್ತಿದ್ದರೆ, ಕೈ ಎತ್ತಲು ಆಗದಿದ್ದರೆ ಅದನ್ನೆಲ್ಲ ಡಾಕ್ಟರ್ ಚೀಟಿಯಲ್ಲಿ ಬರೆಯಲಿ, ಜೊತೆಗೆ ಅಳತೆ ಮತ್ತು ಫೋಟೋ ಇರಲಿ. ಇದ್ದದ್ದನ್ನು ಮಾತ್ರ ಬರೆಸಿ. ಒಪ್ಪಿಗೆ ಸಿಗದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ ಮೇಲ್ಮನವಿ ಹಾಕಿ.

ವಿರೋಧ: ಹುಡುಕಾಟ ಆಮೇಲೆ, ಬಯಾಪ್ಸಿ ಮೊದಲು

ಮೇಲಿನ ಮಾತೆಲ್ಲ ಒಪ್ಪಬಹುದು, ಒಂದೇ ಒಂದು ಷರತ್ತಿನ ಮೇಲೆ. ನಿಮಗೆ ಏನಾಗಿದೆ ಅಂತ ಗೊತ್ತಿರಬೇಕು. ಗೊತ್ತೇ ಇಲ್ಲದೆ ತಿಂಗಳುಗಟ್ಟಲೆ ಸರ್ಜನ್ ಹುಡುಕುತ್ತಾ ಕೂರುವುದು ತಪ್ಪು ಅನ್ನುವುದೇ ನನ್ನ ವಾದ.

ಕಾಯುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಕೊಬ್ಬಿನ ಗಂಟು ವರ್ಷ ಕಾದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೇಸಲ್ ಸೆಲ್ ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಕಡೆ ಹರಡುವುದು ತೀರಾ ಅಪರೂಪ. ಸ್ಕ್ವಾಮಸ್ ಸೆಲ್ ಅನ್ನುವ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹರಡಬಲ್ಲದು. ತುಟಿ, ಕಿವಿಯ ಮೇಲಿದ್ದರೆ, ಇಲ್ಲವೇ ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುತ್ತಿರುವವರಲ್ಲಿ, ಇನ್ನೂ ಬೇಗ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಮೆಲನೋಮಾ ಅನ್ನುವ ಕ್ಯಾನ್ಸರ್ ಇದ್ದರಂತೂ ಎಲ್ಲ ಲೆಕ್ಕ ಬದಲಾಗುತ್ತದೆ. ಅಮೆರಿಕದ ಡಾಕ್ಟರ್ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟ ಹಾಗೆ ಅದು ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವುದರ ಮೇಲೆ ಮುಂದಿನದ್ದು ನಿಂತಿದೆ. ಇಂದಿಗೂ ಡಾಕ್ಟರ್‌ಗಳು ಆ ಅಳತೆಯನ್ನೇ ನೋಡುತ್ತಾರೆ. ಸುತ್ತಲೂ ಎಷ್ಟು ಚರ್ಮ ತೆಗೆಯಬೇಕು ಅನ್ನುವುದೂ ಅದರ ಮೇಲೇ: 1 ಮಿಲಿಮೀಟರ್‌ವರೆಗಿನ ಆಳಕ್ಕೆ ಸುಮಾರು 1 ಸೆಂಟಿಮೀಟರ್, 2 ಮಿಲಿಮೀಟರ್ ದಾಟಿದರೆ 2 ಸೆಂಟಿಮೀಟರ್.

ನಮ್ಮದು ಕಪ್ಪು ಚರ್ಮ, ನಮಗೆ ಬರಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕಂದು, ಕಪ್ಪು ಚರ್ಮದವರಲ್ಲಿ ಮೆಲನೋಮಾ ಕಡಿಮೆ ನಿಜ. ಬಂದರೆ ಅಂಗಾಲು, ಅಂಗೈ, ಉಗುರಿನಡಿ ಬರುವುದೇ ಹೆಚ್ಚು, ಅದೂ ತಡವಾಗಿ ಗೊತ್ತಾಗುತ್ತದೆ. ಗಾಯಕ ಬಾಬ್ ಮಾರ್ಲಿಗೆ ಕಾಲಿನ ಹೆಬ್ಬೆರಳಿನ ಉಗುರಿನಡಿ ಬಂದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ, ಮಚ್ಚೆಯ ಆಕಾರವೋ ಬಣ್ಣವೋ ಬದಲಾಗುತ್ತಿದ್ದರೆ, ಹುಣ್ಣು ವಾರಗಳಾದರೂ ಮಾಯದಿದ್ದರೆ, ಮೊಹ್ಸ್ ಸರ್ಜನ್ ಯಾವ ಪಟ್ಟಿಯಲ್ಲಿದ್ದಾರೆ ಅಂತ ನೋಡುವ ಹೊತ್ತಲ್ಲ ಅದು.

ಆಗ ಬೇಕಾದದ್ದು ಬಯಾಪ್ಸಿ. ಅದಕ್ಕೆ ಸ್ಕಿನ್ ಸರ್ಜನ್ನೇ ಆಗಬೇಕೆಂದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಣ್ಣ ಚೂರು ತೆಗೆಯುವ ಕೆಲಸವನ್ನು ಸಾಮಾನ್ಯ ಚರ್ಮರೋಗ ತಜ್ಞರು, ಜನರಲ್ ಸರ್ಜನ್, ಎಷ್ಟೋ ಕಡೆ ಫ್ಯಾಮಿಲಿ ಡಾಕ್ಟರೂ ಮಾಡುತ್ತಾರೆ. ಇವರಲ್ಲಿ ಸರ್ಕಾರಿ ವಿಮೆ ಒಪ್ಪುವವರು ಸಿಗುವ ಸಾಧ್ಯತೆ ಜಾಸ್ತಿ. ಅದೂ ಸಿಗದಿದ್ದರೆ ಕೈಯಿಂದ ಕೊಟ್ಟಾದರೂ ಮಾಡಿಸಿ. ದುಡ್ಡು ಕೊಡುವುದೇ ಆದರೆ ಇಲ್ಲಿ ಕೊಡಿ, ಆದರೆ ಲ್ಯಾಬಿನ ಖರ್ಚೂ ಸೇರಿ ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. "ಮುಖದ ಮೇಲೆ ಗಂಟು" ಅಂದಾಗ ಆರು ತಿಂಗಳ ಆಚೆ ದಿನ ಕೊಡುವ ಜಾಗದಲ್ಲೇ, ಕ್ಯಾನ್ಸರ್ ಅಂತ ಬರೆದ ರಿಪೋರ್ಟ್ ಇಟ್ಟರೆ ಬೇಗ ಕರೆಯುವ ಸಾಧ್ಯತೆ ಜಾಸ್ತಿ. ವಿಮೆಯ ಒಪ್ಪಿಗೆಗೂ ಆ ರಿಪೋರ್ಟಿಗಿಂತ ದೊಡ್ಡ ದಾಖಲೆ ಇಲ್ಲ.

ಸ್ಕಿನ್ ಸರ್ಜನ್ ಒಬ್ಬರೇ ಮಾಡಬಲ್ಲ ಕೆಲಸ ಅಷ್ಟೇನೂ ಇಲ್ಲ. ಕೊಬ್ಬಿನ ಗಂಟು, ಚೀಲದ ಗಂಟು ಇವನ್ನೆಲ್ಲ ಜನರಲ್ ಸರ್ಜನ್ ತೆಗೆಯುತ್ತಾರೆ. ಚೀಲದ ಗಂಟಿನ ಗೋಡೆ ಪೂರ್ತಿ ಬರಬೇಕು, ಅಷ್ಟೇ. ರೆಪ್ಪೆಗೆ ಕಣ್ಣಿನ ಪ್ಲಾಸ್ಟಿಕ್ ಸರ್ಜನ್ ಇದ್ದಾರೆ, ಮೂಗು ಕಿವಿಗೆ ಇಎನ್‌ಟಿಯವರು, ಮೆಲನೋಮಾಗೆ ಕ್ಯಾನ್ಸರ್ ಸರ್ಜನ್. ಮೊಹ್ಸ್ ಇಲ್ಲದ ಕಡೆ ಆಪರೇಷನ್ ಟೇಬಲ್ ಮೇಲಿರುವಾಗಲೇ ಅಂಚನ್ನು ಲ್ಯಾಬಿಗೆ ಕಳಿಸಿ ನೋಡುವ ಫ್ರೋಜನ್ ಸೆಕ್ಷನ್ ವ್ಯವಸ್ಥೆಯೂ ಇರುತ್ತದೆ. ಬೆನ್ನು, ಹೊಟ್ಟೆ, ಕೈಕಾಲಿನ ಮೇಲಿನ ಸಣ್ಣ ಬೇಸಲ್ ಸೆಲ್‌ಗೆ ಮಾಮೂಲಿ ಆಪರೇಷನ್ನೇ ಸಾಕಾಗುವುದು ಹೆಚ್ಚು.

ಇನ್ನೊಂದು ಮಾತು, ಇದು ನನಗೆ ಸಿಟ್ಟು ಬರಿಸುವಂಥದ್ದು. ಒಪ್ಪುವ ಡಾಕ್ಟರ್‌ಗಳ ಪಟ್ಟಿ ಸರಿಯಾಗಿಡುವುದು ವಿಮೆ ನಡೆಸುವವರ ಕೆಲಸ. ಆ ಕೆಲಸವನ್ನು ನೋವು ತಿನ್ನುತ್ತಿರುವವರ ತಲೆಗೆ ಕಟ್ಟಿ, ಕೂಲಿ ಬಿಟ್ಟು ಫೋನ್ ಹಿಡಿದು ಕೂರಿ ಅನ್ನುವುದು ಅನ್ಯಾಯ. ಪರ ವಾದದವರು ಹೇಳಿದ ಫೋನು, ಚೀಟಿ, ಪಟ್ಟಿ ಎಲ್ಲ ಬಿಡುವಿರುವವರಿಗೆ, ಓದು ಬರಹ ಬಲ್ಲವರಿಗೆ ಆಗುತ್ತದೆ. ಉಳಿದವರು ಏನು ಮಾಡಬೇಕು? ಯೋಜನೆಯ ಸಹಾಯವಾಣಿಗೆ ಹೇಳಿ, "ನಿಮ್ಮ ಪಟ್ಟಿಯಲ್ಲಿ ಯಾರೂ ಸಿಗುತ್ತಿಲ್ಲ, ನೀವೇ ಒಬ್ಬರನ್ನು ಗೊತ್ತು ಮಾಡಿ, ಇಲ್ಲದಿದ್ದರೆ ಹೊರಗಿನವರ ಹತ್ತಿರ ಮಾಡಿಸಲು ಒಪ್ಪಿಗೆ ಕೊಡಿ" ಅಂತ ದೂರು ದಾಖಲು ಮಾಡಿಸಿ. ಹಲವು ಯೋಜನೆಗಳಲ್ಲಿ ಇಂಥ ಅವಕಾಶ ಇದೆ, ಕೇಳದವರಿಗೆ ಅದನ್ನು ಯಾರೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ.

ಕೆಲವು ಸಲ ಸರ್ಜನ್ ಹುಡುಕುವ ಅಗತ್ಯವೇ ಇರುವುದಿಲ್ಲ. ಕಿವಿ ಚುಚ್ಚಿಸಿದ ಕಡೆ, ಎದೆಯ ಮೇಲೆ ಉಬ್ಬಿ ಬೆಳೆಯುವ ಕೆಲಾಯ್ಡ್ ಇದೆಯಲ್ಲ, ಅದನ್ನು ಬರೀ ಕತ್ತರಿಸಿದರೆ ಎಷ್ಟೋ ಸಲ ಮತ್ತೆ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿಯೂ ಬರಬಹುದು. ಅದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಗಂಟಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವು ವಾರಗಳಿಗೊಮ್ಮೆ. ಅದನ್ನು ವಿಮೆ ಒಪ್ಪುವ ಮಾಮೂಲಿ ಸ್ಕಿನ್ ಡಾಕ್ಟರ್ ಹತ್ತಿರವೇ ಹಾಕಿಸಿಕೊಳ್ಳಬಹುದು.