ಅಪ್ಪಿಯನ್ ರಸ್ತೆ ಮತ್ತು ನಮ್ಮೂರ ಚರಂಡಿ

ರೋಮ್‌ಗೆ ಬರುವ ನಮ್ಮವರನ್ನು ವಿಯಾ ಅಪ್ಪಿಯಾ, ಅಂದರೆ ರೋಮನ್ನರು ಕಲ್ಲು ಹಾಸಿ ಮಾಡಿದ ಹಳೆಯ ಅಪ್ಪಿಯನ್ ರಸ್ತೆ, ನೋಡಲು ಕರೆದುಕೊಂಡು ಹೋದರೆ ಹೆಚ್ಚಿನವರದ್ದು ಒಂದೇ ಮಾತು. "ಎರಡು ಸಾವಿರ ವರ್ಷ ಆದ್ರೂ ಹೆಂಗಿದೆ ನೋಡಿ! ನಮ್ಮ ಡಾಂಬರು ಒಂದು ಮಳೆಗೇ ಕಿತ್ತು ಹೋಗತ್ತೆ." ಈ ಹೋಲಿಕೆ ನನಗೆ ಅರ್ಧ ಮಾತ್ರ ಸರಿ ಅನಿಸುತ್ತದೆ. ಆ ಕಪ್ಪು ಬಸಾಲ್ಟ್ ಕಲ್ಲು ಗಟ್ಟಿ, ನಿಜ. ಆದರೆ ಅಡಿಗೆ ನೀರಿಳಿದು ಮಣ್ಣು ಮೆತ್ತಗಾದರೆ ಎಂಥ ಕಲ್ಲೂ ಕುಸಿಯುತ್ತದೆ. ಅದಕ್ಕೇ ರೋಮನ್ನರು ರಸ್ತೆಯ ನಡುವನ್ನು ತುಸು ಉಬ್ಬಿಸಿ, ನೀರನ್ನು ಅಂಚಿಗೆ ಹರಿಸಿ, ಪಕ್ಕದಲ್ಲಿ ಚರಂಡಿ ತೋಡುತ್ತಿದ್ದರು.

ಆದರೂ ನೀರು ಅವರನ್ನು ಬಿಡಲಿಲ್ಲ. ಕ್ರಿ.ಪೂ. 312ರಲ್ಲಿ ರೋಮನ್ ಅಧಿಕಾರಿ ಅಪ್ಪಿಯಸ್ ಕ್ಲಾಡಿಯಸ್ ಶುರು ಮಾಡಿಸಿದ ಈ ರಸ್ತೆ ರೋಮ್‌ನ ದಕ್ಷಿಣದಲ್ಲಿ ಪೊಂಟೈನ್ ಎಂಬ ಜೌಗಿನ ನಡುವೆ ನೇರ ಹಾಯುತ್ತದೆ. ಅಲ್ಲಿ ರಸ್ತೆಯ ಪಕ್ಕದಲ್ಲೇ ಕಾಲುವೆ ಇತ್ತು. ಕವಿ ಹೊರೇಸ್ ಆ ಭಾಗ ದಾಟಿದ್ದು ದೋಣಿಯಲ್ಲಿ. ಸೊಳ್ಳೆ, ಕಪ್ಪೆಗಳ ಕಾಟಕ್ಕೆ ನಿದ್ದೆಯೇ ಹತ್ತಲಿಲ್ಲ ಅಂತ ಬರೆದಿದ್ದಾನೆ. ಮುಂದೆ ಚಕ್ರವರ್ತಿ ಟ್ರೇಜನ್ ರಿಪೇರಿ ಮಾಡಿಸಿದ. 6ನೇ ಶತಮಾನದ ಹೊತ್ತಿಗೆ ಮತ್ತೆ ನೀರು ತುಂಬಿತ್ತು. ದೊರೆ ಥಿಯೋಡೊರಿಕ್‌ನ ಕಾಲದಲ್ಲಿ ಬಸಿದರು. ಆಮೇಲೆ ನೋಡುವವರಿಲ್ಲದೆ ರಸ್ತೆ ಜೌಗಿನ ಪಾಲಾಯಿತು. 18ನೇ ಶತಮಾನದ ಕೊನೆಯಲ್ಲಿ ಪೋಪ್ 6ನೇ ಪಯಸ್ ಕಾಲುವೆ ತೋಡಿಸಿದ ಮೇಲೆಯೇ ಅಲ್ಲಿ ಮತ್ತೆ ಗಾಡಿ ಓಡಾಡಿದ್ದು. ಅಂದರೆ ಕಲ್ಲನ್ನು ಕಾಪಾಡಿದ್ದು ಕಾಲುವೆ, ಕಾಲುವೆಯನ್ನು ಕಾಪಾಡಿದ್ದು ಜನ.

ನಾವು ಇವರಿಂದ ಕಲಿಯಬೇಕಾದ್ದು ಇದು ಅಂತ ನನಗೆ ಅನಿಸುತ್ತದೆ. ಕಲ್ಲಿನ ರಸ್ತೆ ನಮಗೆ ಬೇಕಿಲ್ಲ. ಇಲ್ಲಿ ಆಗ ಓಡುತ್ತಿದ್ದದ್ದು ಎತ್ತು, ಕುದುರೆ, ಕತ್ತೆಗಳ ಗಾಡಿ, ನಮ್ಮಲ್ಲಿ ಈಗ ಹತ್ತಾರು ಟನ್ನಿನ ಲಾರಿ. ರೋಮ್‌ನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಚರಂಡಿಯ ಕೆಲಸ ರಸ್ತೆಯ ಕೆಲಸಕ್ಕಿಂತ ಮೊದಲು ಬರಬೇಕು, ಅಲ್ವಾ? ನಿಂತ ನೀರು ಬಿರುಕಿನಲ್ಲಿ ಇಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಮೇಲೆ ಲಾರಿ ಹಾಯ್ದರೆ ಗುಂಡಿ ಬೀಳುತ್ತದೆ. ಆ ಗುಂಡಿಗೆ ಎಷ್ಟು ಸಲ ಡಾಂಬರು ಸುರಿದರೂ ನೀರಿಗೆ ದಾರಿ ಸಿಗುವವರೆಗೆ ಪ್ರಯೋಜನವಿಲ್ಲ.

ಚಕ್ರವರ್ತಿ ಅಗಸ್ಟಸ್‌ನ ಕಾಲದಿಂದ ಇಟಲಿಯ ದೊಡ್ಡ ರಸ್ತೆಗಳನ್ನು ನೋಡಿಕೊಳ್ಳಲೆಂದೇ ಅಧಿಕಾರಿಗಳಿದ್ದರು. ನಮ್ಮಲ್ಲೂ ಪ್ರತಿ ರಸ್ತೆಯ ಬೋರ್ಡಿನಲ್ಲಿ ಖರ್ಚಿನ ಲೆಕ್ಕದ ಜೊತೆಗೆ, ಮುಂಗಾರಿಗೆ ಮುಂಚೆ ಮೋರಿಯ ಹೂಳು ತೆಗೆಸುವ ಹೊಣೆ ಯಾರದು ಅಂತಲೂ ಬರೆದಿರಬೇಕು. ಊರಿನಲ್ಲಿ ಹೊಸ ರಸ್ತೆ ಆಯಿತು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಅದನ್ನೇ.