ಅಡ್ಡ ನಿಂತ ಕಾರು

ನನ್ನ ಫೋನಿನಲ್ಲಿ ಬಾಗಿಲುಗಳದ್ದೇ ನಾನೂರು ಫೋಟೋ ಇವೆ. ಅದರಲ್ಲಿ ಒಂದೂ ನಮ್ಮ ಮನೆಯದಲ್ಲ. ಹೆಂಡತಿ ಒಮ್ಮೆ ಮಗಳ ಹುಟ್ಟುಹಬ್ಬದ ಫೋಟೋ ಹುಡುಕಲು ಹೋದಳು. ಹಸಿರು ಬಾಗಿಲು, ಕೆಂಪು ಬಾಗಿಲು, ಬಣ್ಣ ಎದ್ದ ಬಾಗಿಲು ಎಲ್ಲ ದಾಟಿ ದಾಟಿ ಸಾಕಾಗಿ, "ಏನ್ರೀ ಇದು, ಕಳ್ಳತನಕ್ಕೆ ಹೊಂಚು ಹಾಕ್ತಿದೀರಾ?" ಅಂದಳು.

ತಪ್ಪು ನನ್ನದಲ್ಲ, ಫಿಲಡೆಲ್ಫಿಯಾದ್ದು. ನಾವಿರುವುದು ಊರಾಚೆಯ ಬಡಾವಣೆಯಲ್ಲಿ. ಅಲ್ಲಿ ಎಲ್ಲ ಮನೆಯೂ ಒಂದೇ ಅಚ್ಚು. ಮುಂದುಗಡೆ ಕಾಣುವುದು ಗ್ಯಾರೇಜಿನ ಬಾಗಿಲು, ಅದರ ಫೋಟೋ ಯಾರು ತೆಗೀತಾರೆ? ಭಾನುವಾರ ರೈಲು ಹತ್ತಿ ಹಳೇ ಊರಿನ ಕಡೆ ಇಳಿದರೆ ಮಾತ್ರ, ಮೋರೆ ಇರುವ ಮನೆಗಳು ಕಾಣುತ್ತವೆ.

1682ರಲ್ಲಿ ವಿಲಿಯಂ ಪೆನ್ ಈ ಊರು ಕಟ್ಟಿಸುವಾಗ ಅವನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. 1666ರ ಬೆಂಕಿಯಲ್ಲಿ ಲಂಡನ್ ಉರಿದುಹೋದದ್ದು ಅವನ ಕಾಲದಲ್ಲೇ. ಹಾಗಾಗಿ ಅಗಲವಾದ ಬೀದಿ ಇರಲಿ, ಮನೆ ಸೈಟಿನ ನಡುವೆ ಇರಲಿ, ಸುತ್ತ ತೋಟ ಇರಲಿ ಅಂದ. ಬೀದಿಗಳಿಗೆ ಮರಗಳ ಹೆಸರನ್ನೇ ಇಟ್ಟರು: ಚೆಸ್ಟ್‌ನಟ್, ವಾಲ್ನಟ್, ಸ್ಪ್ರೂಸ್, ಪೈನ್. ಜನ ಕೇಳಬೇಕಲ್ಲ? ನದಿ ಹತ್ತಿರ ಇರಬೇಕು, ವ್ಯಾಪಾರ ಅಲ್ಲೇ. ದೊಡ್ಡ ಸೈಟನ್ನು ತುಂಡು ಮಾಡಿ, ನಡುವೆ ಸಂದಿ ಬಿಟ್ಟು, ಗೋಡೆಗೆ ಗೋಡೆ ಅಂಟಿಸಿ ಕಟ್ಟಿಕೊಂಡರು. ಎಲ್ಫ್ರೆತ್ಸ್ ಆಲಿ ಅಂಥದೇ ಒಂದು ಸಂದಿ. ಜೆರೆಮಾಯಾ ಎಲ್ಫ್ರೆತ್ ಅನ್ನುವ ಕಮ್ಮಾರನ ಹೆಸರು ಅದಕ್ಕೆ. 32 ಮನೆಗಳಿವೆ. ಎರಡು ಮನೆ ಮ್ಯೂಸಿಯಂ, ಉಳಿದವುಗಳಲ್ಲಿ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ. ನಾವು ಹೊರಗೆ ನಿಂತು ಪೋಸು ಕೊಡುವಾಗ ಒಳಗೆ ಯಾರೋ ಪಾತ್ರೆ ತೊಳೆಯುತ್ತಿರುತ್ತಾರೆ.

ಈ ಸಂದಿಗಳಲ್ಲಿ ಫೋಟೋ ತೆಗೆಯುವುದು ಸುಲಭ ಅಂದುಕೊಂಡಿದ್ದೆ. ಮನೆ ಓಡಿಹೋಗಲ್ಲ, ಕಣ್ಣು ಮಿಟುಕಿಸಲ್ಲ, "ಇನ್ನೊಂದು ತೆಗಿ, ನಾನು ದಪ್ಪ ಕಾಣ್ತಿದೀನಿ" ಅನ್ನಲ್ಲ. ಆದರೆ ಹಿಂದೆ ಸರಿಯಲು ಜಾಗವೇ ಇಲ್ಲ. ಬೆನ್ನು ಎದುರು ಮನೆಯ ಗೋಡೆಗೆ ತಾಗಿದರೂ ಸೂರು ಚೌಕಟ್ಟಿಗೆ ಬರುವುದಿಲ್ಲ. ಫೋನನ್ನು ಸ್ವಲ್ಪ ಮೇಲೆತ್ತಿದೆವೋ, ಇನ್ನೂರು ವರ್ಷ ನೆಟ್ಟಗೆ ನಿಂತ ಮನೆ ಹಿಂದಕ್ಕೆ ವಾಲುತ್ತದೆ. ಇದಕ್ಕೆ ನಾನು ಕಲಿತ ಉಪಾಯ ಒಂದೇ: ಫೋನು ನೆಟ್ಟಗೆ ಹಿಡಿ, ಬೇಡದಿದ್ದರೂ ಅರ್ಧ ಬೀದಿ ಚಿತ್ರದೊಳಗೆ ಬರಲಿ, ಮನೆಗೆ ಬಂದಮೇಲೆ ಕೆಳಗಿನದನ್ನು ಕತ್ತರಿಸು. ಎದುರು ಮನೆಯ ಅಮೃತಶಿಲೆಯ ಮೆಟ್ಟಿಲು ಹತ್ತಿ ನಿಂತರೆ ಇನ್ನೂ ಒಳ್ಳೇದು. ಆ ಮನೆಯವರು ಬಾಗಿಲು ತೆರೆಯುವ ತನಕ.

ಹಾಗೆ ಪೂರ್ತಿ ಮನೆ ಸಿಗದೆ ಸಿಗದೆ, ಸಿಕ್ಕಷ್ಟನ್ನೇ ತೆಗೆಯುವ ಚಾಳಿ ಬಂತು. ಬಾಗಿಲ ಪಕ್ಕ ಮೊಣಕಾಲಿಗೂ ಕೆಳಗೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಕುದುರೆಗಾಡಿ ಕಾಲದಲ್ಲಿ ಬೂಟಿನ ಕೆಸರು, ಲದ್ದಿ ಕೆರೆದುಕೊಳ್ಳಲು ಇಟ್ಟದ್ದು. ಸವೆದು ಸವೆದು ನಡುವೆ ಬಾಗಿದೆ. ಗೋಡೆಯ ಇಟ್ಟಿಗೆಯೂ ಸುಮ್ನೆ ಪೇರಿಸಿದ್ದಲ್ಲ. ಒಂದು ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ. ಅಡ್ಡ ಇಟ್ಟಿಗೆಗಳು ಕೆಲವು ಕಡೆ ಕಪ್ಪಗೆ ಮಿನುಗುತ್ತವೆ, ಗೂಡಿನಲ್ಲಿ ಬೆಂಕಿಯ ಕಡೆ ಮುಖ ಮಾಡಿದ್ದ ತುದಿಗಳು ಅವು. ದೂರದಿಂದ ನೋಡಿದರೆ ಕೆಂಪು ಸೀರೆಗೆ ಕರಿ ಚೌಕುಳಿ ನೇಯ್ದ ಹಾಗೆ.

ನನಗೆ ತುಂಬಾ ಇಷ್ಟ ಮಾಳಿಗೆ ಕಿಟಕಿಗಳ ನಡುವೆ ಹೊಡೆದಿರುವ ಸೀಸದ ಬಿಲ್ಲೆಗಳು. ನಾಲ್ಕು ಕೈಗಳು, ಒಂದರ ಮಣಿಕಟ್ಟು ಇನ್ನೊಂದು ಹಿಡಿದಿದೆ. 1752ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಮತ್ತು ಸಂಗಡಿಗರು ಶುರು ಮಾಡಿದ ಬೆಂಕಿ ವಿಮೆಯ ಗುರುತು ಅದು. ಈ ಮನೆಗೆ ವಿಮೆ ಆಗಿದೆ ಅಂತ ಅರ್ಥ. ಇನ್ನು ಕೆಲವು ಮನೆಗಳ ಮೇಲೆ ಕೈ ಇಲ್ಲ, ಮರ ಇದೆ. ಅದರ ಕತೆ ಕೇಳಿ. 1781ರಲ್ಲಿ ಆ ಕೈಗಳ ಕಂಪನಿ, ಮನೆ ಮುಂದೆ ಮರ ಇದ್ದರೆ ನಾವು ವಿಮೆ ಕೊಡಲ್ಲ ಅಂತು. ಬೆಂಕಿ ಆರಿಸಲು ಮರ ಅಡ್ಡ ಅಂತ. ಬೀದಿಗೆಲ್ಲ ಮರದ ಹೆಸರಿಟ್ಟ ಊರಿನಲ್ಲಿ! ಮರ ಕಡಿಯಲು ಒಪ್ಪದವರು 1784ರಲ್ಲಿ ಬೇರೆ ಕಂಪನಿ ಕಟ್ಟಿ, ಹಸಿರು ಮರವನ್ನೇ ಗುರುತು ಮಾಡಿಕೊಂಡರು.

ಓದಿದಾಗ ನಾನು ಮರದವರ ಪಕ್ಷ. ಕ್ಯಾಮೆರಾ ಹಿಡಿದರೆ ಮಾತ್ರ ನಿಧಾನಕ್ಕೆ ಕೈಗಳವರ ಕಡೆ ವಾಲುತ್ತೇನೆ. ಮೇ ತಿಂಗಳಲ್ಲಿ ಹೋದರೆ ಮನೆ ಎಲ್ಲಿ? ಬರೀ ಎಲೆ. ಸರಿ, ಎಲೆ ಉದುರಿದ ಮೇಲೆ ಹೋಗೋಣ ಅಂತ ಡಿಸೆಂಬರಿನಲ್ಲಿ ಹೋದೆ. ಆಗ ಸೂರ್ಯ ಎಷ್ಟು ಕೆಳಗೆ ಇರುತ್ತಾನೆಂದರೆ, ನಡುಮಧ್ಯಾಹ್ನವೂ ಎದುರು ಮನೆಯ ನೆರಳು ಬಾಗಿಲು ಬಿಟ್ಟು ಕದಲುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಮನೆಗಳ ಕತೆಯಂತೂ ಬೇಡವೇ ಬೇಡ. ಹೀಗೆ ಕಳೆದು ಕೂಡಿ ನೋಡಿದರೆ, ಬಿಸಿಲು ಬೀದಿಗೆ ಇಳಿದು, ಚಿಗುರು ಇನ್ನೂ ಬರದ ಸಮಯ ವರ್ಷಕ್ಕೆ ಮೂರ್ನಾಲ್ಕು ವಾರ. ಮಾರ್ಚಿನಲ್ಲಿ. ಆ ಭಾನುವಾರಗಳಲ್ಲಿ ಯಾರು ಸತ್ಯನಾರಾಯಣ ಪೂಜೆಗೆ ಕರೆದರೂ ನಾನು ಹೋಗುವುದಿಲ್ಲ.

ಇಷ್ಟೆಲ್ಲ ಹೊಂದಿಸಿಕೊಂಡು ಹೋದರೆ, ಬಾಗಿಲ ಎದುರಿಗೇ ಕಾರು. ಇದಕ್ಕೆ ಯಾವ ತಿಂಗಳೂ ಮದ್ದಲ್ಲ. ಸೊಸೈಟಿ ಹಿಲ್ ಕಡೆಯ ಬೀದಿಗಳಲ್ಲಿ ಪ್ರತಿ ಹಳೇ ಮನೆಯ ಮುಂದೆಯೂ ಒಂದು ಹೊಸ ಕಾರು, ಅದರ ಪಕ್ಕ ಒಂದು ಕಸದ ಡಬ್ಬ. ಸಿಟ್ಟು ಬರುತ್ತದೆ. 1933ರಲ್ಲಿ, ಊರಿಗೆಲ್ಲ ಕೆಲಸ ಇಲ್ಲದ ಕಾಲದಲ್ಲಿ, ಅಮೆರಿಕದ ಸರ್ಕಾರ ಖಾಲಿ ಕೂತಿದ್ದ ಆರ್ಕಿಟೆಕ್ಟ್‌ಗಳನ್ನೂ ಫೋಟೋಗ್ರಾಫರ್‌ಗಳನ್ನೂ ಕೂಡಿಸಿ ಹಳೇ ಕಟ್ಟಡಗಳ ನಕ್ಷೆ, ಫೋಟೋ ಮಾಡಿಸಲು ಶುರು ಮಾಡಿತು. ಅವೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಆ ಕಪ್ಪು ಬಿಳುಪಿನ ಚಿತ್ರಗಳಲ್ಲೂ ಅಲ್ಲಲ್ಲಿ ಕಾರು ಅಡ್ಡ ನಿಂತಿದೆ. ಗುಂಡು ಮಡ್‌ಗಾರ್ಡಿನ, ಗೋಲಿ ಕಣ್ಣಿನ ಕಾರು. ನಾನು ಮನೆ ಬಿಟ್ಟು ಅದನ್ನೇ ದೊಡ್ಡದು ಮಾಡಿ ನೋಡಿದ್ದೇನೆ. ಆದರೆ ನನ್ನ ಬಾಗಿಲಿಗೆ ಅಡ್ಡ ನಿಲ್ಲುವ ಬೂದು ಬಣ್ಣದ ಎಸ್‌ಯುವಿಗೆ ಆ ರಿಯಾಯಿತಿ ಕೊಡಲು ಮನಸ್ಸು ಬರಲ್ಲ.

ಅದು ನಿಲ್ಲುತ್ತಿದ್ದದ್ದು ಒಂದು ಪುಟ್ಟ ಮನೆಯ ಮುಂದೆ. ಅಂಥ ಮನೆಗೆ ಈ ಊರಲ್ಲಿ ಟ್ರಿನಿಟಿ ಅನ್ನುತ್ತಾರೆ. ಮೂರು ಅಂತಸ್ತು, ಅಂತಸ್ತಿಗೆ ಒಂದೇ ಕೋಣೆ. ತಂದೆ, ಮಗ, ಪವಿತ್ರಾತ್ಮ ಅಂತ ಲೆಕ್ಕ. ಒಳಗಿನ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮಂಚ ಮೇಲೆ ಹೋಗಬೇಕಾದರೆ ಕಿಟಕಿಯೇ ಗತಿ. ನೀಲಿ ಬಾಗಿಲು, ನೀಲಿ ಕಿಟಕಿ ಬಾಗಿಲು. ಮೂರು ಭಾನುವಾರ ಹೋದೆ, ಮೂರು ಸಲವೂ ಅದೇ ಕಾರು.

ಮೂರನೇ ಸಲ ಕಾರಿನ ಬಾನೆಟ್ ತಪ್ಪಿಸಲು ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಆಗ ಮಾಳಿಗೆ ಕಿಟಕಿಯ ಹೊರಗೆ ಏನೋ ಮಿಂಚಿತು. ಕಬ್ಬಿಣದ ಕಡ್ಡಿಯ ತುದಿಯಲ್ಲಿ ಮೂರು ಸಣ್ಣ ಕನ್ನಡಿ. ಬಿಸಿಬಾಡಿ ಅನ್ನುತ್ತಾರೆ ಅದಕ್ಕೆ, ಅಂದರೆ ಊರ ಉಸಾಬರಿ ಮಾಡುವವರು. ಫ್ರ್ಯಾಂಕ್ಲಿನ್ನೇ ತಂದದ್ದು ಅಂತ ಇಲ್ಲಿಯವರು ಹೇಳಿಕೊಳ್ಳುತ್ತಾರೆ, ಈ ಊರಲ್ಲಿ ಎಲ್ಲವನ್ನೂ ಅವನೇ ತಂದದ್ದು. ಒಳಗೆ ಕುರ್ಚಿಯಲ್ಲಿ ಕೂತೇ ಬಾಗಿಲಲ್ಲಿ ಯಾರಿದ್ದಾರೆ, ಬೀದಿಯ ಆ ತುದಿಯಿಂದ ಯಾರು ಬರುತ್ತಿದ್ದಾರೆ ಎಲ್ಲ ನೋಡಬಹುದು. ಕನ್ನಡಿಯಲ್ಲಿ ಒಂದು ಬಿಳಿ ತಲೆ ಕಂಡಿತು. ಅದು ನನ್ನನ್ನೇ ನೋಡುತ್ತಿತ್ತು.

ಕಿಟಕಿ ಮೇಲಕ್ಕೆ ಸರಿಯಿತು. ಪೊಲೀಸಿಗೆ ಫೋನು ಹೋಯಿತು ಅಂತಲೇ ಅಂದುಕೊಂಡೆ. ಎಂಬತ್ತು ದಾಟಿದ ಅಜ್ಜಿ.

"ಮೂರು ವಾರದಿಂದ ನೋಡ್ತಾ ಇದೀನಿ. ನೀನು ಬರೋದು ಬೇಗ ಆಯ್ತಪ್ಪಾ. ಒಂದು ಗಂಟೆಗೆ ಬಾ, ಬಿಸಿಲು ಆಗ ಬಾಗಿಲಿಗೆ ಇಳಿಯುತ್ತೆ. ಡಬ್ಬ ನಾನೇ ಒಳಗೆ ಇಡ್ತೀನಿ."

ಖುಷಿಯಲ್ಲಿ ಧೈರ್ಯ ಬಂತು. "ಈ ಕಾರು ಯಾರದ್ದು ಅಂತ ಗೊತ್ತಾ?" ಅಂತ ಕೇಳಿದೆ.

"ನಂದೇ."

"ಒಂದೈದು ನಿಮಿಷ..."

"ಉಹೂಂ," ಅಂದಳು ಅಜ್ಜಿ. "ತೆಗೆದರೆ ಜಾಗ ಹೋಗುತ್ತೆ."

ಒಂದು ಗಂಟೆಗೆ ಹೋದೆ. ಬಿಸಿಲು ಹೇಳಿದ ಹಾಗೇ ಬಾಗಿಲಿಗೆ ಇಳಿದಿತ್ತು, ಡಬ್ಬ ಇರಲಿಲ್ಲ. ಕಾರನ್ನು ತೊಳೆಸಿದ್ದಳು.